ಪ್ರೆಸಿಡೆಂಟ್ ಆಗಿ ಅಂತಿದಾರೆ, ಕೈಯಿಂದ ಎಷ್ಟು ಹೋಗುತ್ತೆ?

ಓದುಗರ ಪ್ರಶ್ನೆ: ಸರ್, ನಮ್ದು ಮಲೆನಾಡಿನ ಒಂದು ತಾಲೂಕು ಸೆಂಟರ್. ನಾನು ಮೆಡಿಕಲ್ ಶಾಪ್ ನಡೆಸ್ತೀನಿ. ಮೂರು ವರ್ಷದ ಹಿಂದೆ ಊರಿನ ಒಂದು ಸರ್ವಿಸ್ ಕ್ಲಬ್ (ರೋಟರಿ, ಲಯನ್ಸ್ ಥರದ್ದು) ಸೇರಿದೆ, ಯಾವ್ದು ಅಂತ ಹೆಸರು ಬೇಡ, ಊರು ಚಿಕ್ಕದು. ಬರೋ ಜುಲೈಯಿಂದ ನೀವೇ ಪ್ರೆಸಿಡೆಂಟ್ ಆಗ್ಬೇಕು ಅಂತ ಎಲ್ರೂ ಹಠ ಹಿಡಿದಿದಾರೆ, ಒಪ್ಪಿದ್ರೆ ನಮ್ಮ ಕ್ಲಬ್ಬಿಗೆ ನಾನೇ ಮೊದಲ ಲೇಡಿ ಪ್ರೆಸಿಡೆಂಟ್. ಈ ಸಲದವರು ಕೈಯಿಂದ ಎರಡು ಲಕ್ಷ ಹಾಕಿದೀನಿ ಅಂತ ಹೇಳ್ಕೊಂಡು ಓಡಾಡ್ತಿದಾರೆ. ನಮ್ಮ ಮನೆಯವರು "ಅದು ತಿನ್ನೋ ಕುಡಿಯೋ ಕ್ಲಬ್ಬು, ಸೇವೆ ಎಲ್ಲಾ ಫೋಟೋಗೆ" ಅಂತಾರೆ. ಮೀಟಿಂಗ್ ಆದ್ಮೇಲೆ ಫೆಲೋಶಿಪ್ ಅಂತ ಹೋಟೆಲಲ್ಲಿ ರಾತ್ರಿ ಹನ್ನೊಂದಾಗುತ್ತೆ, ನಾನು ಎಂಟೂವರೆಗೇ ಎದ್ದು ಬರ್ತೀನಿ. ಸರ್ಕಾರಿ ಶಾಲೆಗೆ ನಾವು ಕೊಟ್ಟ ನೀರಿನ ಫಿಲ್ಟರ್ ಕೆಟ್ಟು ನಿಂತಿದೆ, ಅದರ ಮೇಲೆ ನಮ್ಮ ಕ್ಲಬ್ ಬೋರ್ಡು, ದಿನಾ ಅದೇ ದಾರೀಲಿ ಓಡಾಡೋಕೆ ನಾಚಿಕೆ ಆಗುತ್ತೆ. ಡೊನೇಷನ್ ದುಡ್ಡು ಟ್ರೆಷರರ್ ಸ್ವಂತ ಫೋನ್ ನಂಬರಿಗೇ ಬರುತ್ತೆ. ಅಮೆರಿಕದಲ್ಲಿರೋ ನಮ್ಮಣ್ಣ ಕ್ಲಬ್ಬಿಗೆ ದುಡ್ಡು ಕಳಿಸ್ತೀನಿ ಅಂತಿದಾನೆ. ಒಪ್ಪಲಾ, ಬೇಡ್ವಾ?

ಉತ್ತರ: ಮೇಡಂ, ನೀವು ಕೇಳಿರೋದು ಒಪ್ಪಲಾ ಬೇಡ್ವಾ ಅಂತ. ಆದ್ರೆ ಪತ್ರ ಓದ್ತಾ ಹೋದ ಹಾಗೆ ನನಗನ್ಸಿದ್ದು, ದುಡ್ಡು ಹೋಗುತ್ತೆ ಅನ್ನೋ ಭಯಕ್ಕಿಂತ ನಿಮ್ಮ ಹೆಸರಲ್ಲಿ ಇನ್ನೊಂದು ಕೆಟ್ಟ ಫಿಲ್ಟರ್ ಊರಲ್ಲಿ ನಿಲ್ಲಬಾರದು ಅನ್ನೋ ಭಯಾನೇ ನಿಮಗೆ ಜಾಸ್ತಿ. ಆ ಭಯ ಇರೋರೇ ಪ್ರೆಸಿಡೆಂಟ್ ಆಗ್ಬೇಕು ಅಂತ ನಾನು ಸುಮ್ನೆ ಹೊಗಳಿಬಿಡಬಹುದು, ಆದ್ರೆ ಅದರಿಂದ ನಿಮಗೇನೂ ಪ್ರಯೋಜನ ಇಲ್ಲ. ನಾನು ವೃತ್ತಿಯಲ್ಲಿ ಆಡಿಟರ್. ಇಂಥ ಕ್ಲಬ್ಬುಗಳ, ಅವುಗಳ ಟ್ರಸ್ಟುಗಳ ಪುಸ್ತಕ ನೋಡೋದು ನನ್ನ ಕೆಲಸದ ಒಂದು ಭಾಗ, ನಾನೂ ಒಂದು ಕ್ಲಬ್ ಮೆಂಬರ್ರೇ. ಹಾಗಾಗಿ ವೋಚರ್ ಫೈಲಿಂದಾನೇ ಶುರು ಮಾಡ್ತೀನಿ.

ಎರಡು ಲಕ್ಷದ ಕಥೆ ಸುಳ್ಳಿರಲ್ಲ, ಆದ್ರೆ ಅದು ಎಲ್ಲಿಗೆ ಹೋಯ್ತು ಅಂತ ಕೇಳಿ ನೋಡಿ. ನಾನು ನೋಡಿರೋ ಫೈಲುಗಳಲ್ಲಿ ಪ್ರೆಸಿಡೆಂಟ್ ಕೈಯಿಂದ ಹೋಗೋ ದುಡ್ಡಿನ ದೊಡ್ಡ ಪಾಲು ಸೇವೆಗಲ್ಲ, ಪದಗ್ರಹಣಕ್ಕೆ. ಕಲ್ಯಾಣ ಮಂಟಪ, ಮುನ್ನೂರು ಜನಕ್ಕೆ ಊಟ, ಸ್ಟೇಜ್ ಮೇಲೆ ಕೂತ ಹನ್ನೊಂದು ಜನಕ್ಕೆ ಶಾಲು ಹಾರ ಪೇಟ ಮೆಮೆಂಟೋ, ಊರಿನ ನಾಲ್ಕು ಸರ್ಕಲ್ಲಲ್ಲಿ ಫ್ಲೆಕ್ಸು. ಆಮೇಲೆ ಡಿಸ್ಟ್ರಿಕ್ಟ್ ಗವರ್ನರ್ (ಸುತ್ತಲಿನ ಕ್ಲಬ್ಬುಗಳಿಗೆಲ್ಲ ಮೇಲಿನವರು) ಆಫೀಷಿಯಲ್ ವಿಸಿಟ್ ದಿನ ಅದೇ ಎಲ್ಲಾ ಇನ್ನೊಂದ್ಸಲ. ಇದ್ಯಾವುದನ್ನೂ ಯಾವ ಕ್ಲಬ್ಬಿನ ನಿಯಮಾನೂ ಕೇಳಲ್ಲ. ಮೊದಲ ದಿನದ ಮೀಟಿಂಗಲ್ಲಿ ಹಳಬರು ಹೊಸಬರ ಕೊರಳಿಗೆ ಕಾಲರ್ ಹಾಕಿದ್ರೆ ಪದಗ್ರಹಣ ಮುಗೀತು, ಕಾಫಿ ಉಪ್ಪಿಟ್ಟಲ್ಲಿ ಮಾಡಿರೋ ಕ್ಲಬ್ಬುಗಳೂ ಇವೆ. ಹಿಂದಿನವರು ಮಾಡಿದ್ರು, ನಾನು ಕಮ್ಮಿ ಮಾಡಿದ್ರೆ ಜನ ಏನಂತಾರೆ ಅನ್ನೋದೊಂದೇ ಅಲ್ಲಿರೋ ಒತ್ತಡ.

ಎರಡನೇ ಸೋರಿಕೆ ಯಾರಿಗೂ ಕಾಣಲ್ಲ, ಅದು ಪುಸ್ತಕದಲ್ಲಿ ಮಾತ್ರ ಇರೋ ಮೆಂಬರ್‌ಗಳದ್ದು. ರೋಟರಿ ಆಗ್ಲಿ ಲಯನ್ಸ್ ಆಗ್ಲಿ ಮೇಲಿನ ಸಂಸ್ಥೆಗೆ ತಲೆಗೆ ಇಷ್ಟು ಅಂತ ಡಾಲರ್ ಲೆಕ್ಕದಲ್ಲಿ ಡ್ಯೂಸ್, ಅಂದ್ರೆ ಸದಸ್ಯತ್ವ ಶುಲ್ಕ, ಕಟ್ಟಬೇಕು, ವರ್ಷಕ್ಕೆ ಎರಡು ಸಲ, ಜುಲೈ ಮತ್ತೆ ಜನವರಿ. ಲಿಸ್ಟಲ್ಲಿ ನಲವತ್ತು ಹೆಸರಿದ್ದು ದುಡ್ಡು ಕೊಡೋರು ಇಪ್ಪತ್ತೆಂಟೇ ಜನ ಆದ್ರೆ ಉಳಿದ ಹನ್ನೆರಡು ಜನದ್ದು ಯಾರು ಕಟ್ತಾರೆ? ಪ್ರೆಸಿಡೆಂಟ್ ಕಟ್ತಾರೆ, ಯಾಕಂದ್ರೆ ನನ್ನ ವರ್ಷದಲ್ಲಿ ಮೆಂಬರ್‌ಶಿಪ್ ಇಳೀತು ಅನ್ನಿಸ್ಕೊಳ್ಳೋಕೆ ಯಾರಿಗೂ ಇಷ್ಟ ಇಲ್ಲ. ನೀವು ಒಪ್ಪೋದಾದ್ರೆ ಜೂನ್ 30ರ ಒಳಗೆ, ಅಂದ್ರೆ ಈಗಿನ ಪ್ರೆಸಿಡೆಂಟ್ ಅವಧಿಯಲ್ಲೇ, ಲಿಸ್ಟ್ ಕ್ಲೀನ್ ಮಾಡಿಸಿ. ವರ್ಷಗಟ್ಟಲೆ ಮುಖ ತೋರಿಸದವರಿಗೆ ಫೋನ್ ಮಾಡಿ ಮರ್ಯಾದೆಯಿಂದ ಕೇಳಿ, ಇರ್ತೀರಾ ಬಿಡ್ತೀರಾ ಅಂತ. ಜುಲೈ 1 ದಾಟಿತು ಅಂದ್ರೆ ಆ ಅರ್ಧ ವರ್ಷದ ಬಿಲ್ಲು ನಿಮ್ಮ ತಲೆ ಮೇಲೆ.

ಮೂರನೇದು ಮೇಲಿನ ಸಂಸ್ಥೆಯ ಫೌಂಡೇಷನ್‌ಗೆ ಕೊಡೋ ದೇಣಿಗೆ. ರೋಟರಿಯಲ್ಲಿ ಸಾವಿರ ಡಾಲರ್ ಕೊಟ್ರೆ ಪಾಲ್ ಹ್ಯಾರಿಸ್ ಫೆಲೋ, ಲಯನ್ಸಲ್ಲಿ ಸಾವಿರ ಡಾಲರ್‌ಗೆ ಮೆಲ್ವಿನ್ ಜೋನ್ಸ್ ಫೆಲೋ ಅನ್ನೋ ಗೌರವ, ಜೊತೆಗೊಂದು ಪಿನ್. ಪ್ರೆಸಿಡೆಂಟ್ ಆದೋರು ಕೊಡ್ಲೇಬೇಕು ಅಂತ ನಿಮಗೆ ಹೇಳ್ತಾರೆ, ಹೇಳ್ದೇ ಇರಲ್ಲ. ಅದು ಸ್ವಇಚ್ಛೆದು. ಆ ದುಡ್ಡು ವ್ಯರ್ಥ ಅಂತ ಹೇಳ್ತಿಲ್ಲ ನಾನು, ರೋಟರಿ 1985ರಲ್ಲಿ ಪೋಲಿಯೋ ಕೆಲಸಕ್ಕೆ ಕೈ ಹಾಕಿದ್ದು ಇಂಥ ದೇಣಿಗೆಯಿಂದಾನೇ. ಸರ್ಕಾರ, ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ ಜೊತೆ ಸೇರಿ ದಶಕಗಟ್ಟಲೆ ಬಿಡದೆ ಮಾಡಿದ್ರಿಂದ ನಮ್ಮ ದೇಶದ ಕೊನೇ ಕೇಸು 2011ರ ಜನವರಿಯಲ್ಲಿ ಹೌರಾದಲ್ಲಿ ಬಂತು, 2014ರ ಮಾರ್ಚಲ್ಲಿ ಭಾರತ ಪೋಲಿಯೋ ಮುಕ್ತ ಅಂತ ಸರ್ಟಿಫಿಕೇಟ್ ಸಿಕ್ತು. ಹಾಗಂತ ಅಂಗಡಿ ಬಂಡವಾಳದಿಂದ ತೆಗೆದು ಕೊಡೋ ದುಡ್ಡಲ್ಲ ಅದು. ಶಕ್ತಿ ಇದ್ದಾಗ ಕೊಡಿ, ಪಿನ್ ಆಸೆಗೆ ಬೇಡ.

ಇನ್ನು ನಿಮ್ಮ ಮನೆಯವರ ಮಾತು. ತಿನ್ನೋ ಕುಡಿಯೋ ಕ್ಲಬ್ಬು ಅಂತ. ಅರ್ಧ ಸರಿ ಇದೆ ಅವರು ಹೇಳಿದ್ದು. ಆದ್ರೆ ಜನ ಅಂದ್ಕೊಂಡಿರೋ ಹಾಗೆ ಮೊದಲು ಸೇವೆ ಇತ್ತು, ಆಮೇಲೆ ಊಟ ಬಂದು ಕೆಡಿಸ್ತು ಅನ್ನೋದು ನಿಜ ಅಲ್ಲ. 1905ರ ಫೆಬ್ರವರಿ 23ಕ್ಕೆ ಶಿಕಾಗೋದಲ್ಲಿ ಪಾಲ್ ಹ್ಯಾರಿಸ್ ಅನ್ನೋ ವಕೀಲ ಇನ್ನು ಮೂರು ಜನರನ್ನ ಸೇರಿಸ್ಕೊಂಡು ಕೂತಿದ್ದು ಸೇವೆ ಮಾಡೋಕಲ್ಲ. ದೊಡ್ಡ ಪಟ್ಟಣಕ್ಕೆ ಬಂದ ಒಂಟಿ ಮನುಷ್ಯ ಆತ, ಸ್ನೇಹಿತರು ಬೇಕಿತ್ತು, ವ್ಯಾಪಾರಕ್ಕೂ ಒಬ್ಬರಿಗೊಬ್ಬರು ಆಗ್ತಾರೆ ಅನ್ನೋ ಲೆಕ್ಕಾನೂ ಇತ್ತು. ಒಂದೊಂದು ಸಲ ಒಬ್ಬೊಬ್ಬರ ಆಫೀಸಲ್ಲಿ ಸರದಿ ಮೇಲೆ ಸೇರ್ತಿದ್ರು. ಎರಡು ವರ್ಷ ಆದ್ಮೇಲೆ, 1907ರಲ್ಲಿ, ಊರಿಗೆ ಸಾರ್ವಜನಿಕ ಶೌಚಾಲಯ ಬೇಕು ಅಂತ ಹಿಡಿದ್ರಲ್ಲ ಅದೇ ಅವರ ಮೊದಲ ಸೇವೆ ಕೆಲಸ. ಒಬ್ಬರಿಗೊಬ್ಬರು ಪರಿಚಯ ಆಗಿ, ನಂಬಿಕೆ ಬಂದು, ಆಮೇಲೆ ಬನ್ರೋ ಏನಾದ್ರೂ ಮಾಡೋಣ ಅಂತ ಹೊರಟಿದ್ದು.

ನಾನು ಇದನ್ನ ಯಾಕೆ ಹೇಳ್ತಿದೀನಿ ಅಂದ್ರೆ, ನಿಮ್ಮಂಥ ಗಂಭೀರವಾಗಿ ಕೆಲಸ ಮಾಡೋ ಮೆಂಬರ್‌ಗಳು ಪ್ರೆಸಿಡೆಂಟ್ ಆದ ತಕ್ಷಣ ಮಾಡೋ ಮೊದಲ ಕೆಲಸ ಫೆಲೋಶಿಪ್ ಬಂದ್ ಮಾಡೋದು. ಅದು ಬೇಡ. ತಾಲೂಕು ಮಟ್ಟದ ಕ್ಲಬ್ಬಿಗೆ ದುಡ್ಡು ಯಾವತ್ತೂ ದೊಡ್ಡದಾಗಿ ಇರಲ್ಲ, ಒಂದು ಸಾಧಾರಣ ಕಂಪನಿ ಸಮಾಜ ಸೇವೆಗೆ ಎತ್ತಿಡೋ ಸಿಎಸ್‌ಆರ್ ಬಜೆಟ್ ಮುಂದೆ ನಿಮ್ಮ ವರ್ಷದ ಒಟ್ಟು ಲೆಕ್ಕ ಏನೂ ಅಲ್ಲ. ನಿಮ್ಮ ಹತ್ರ ಇರೋದು ಒಂದೇ. ಡಾಕ್ಟ್ರು, ಎಲೆಕ್ಟ್ರಿಷಿಯನ್, ಅಡಿಕೆ ಮಂಡಿಯವರು, ಮೇಷ್ಟ್ರು, ಜೀಪ್ ಇರೋರು, ಬ್ಯಾಂಕ್ ಮ್ಯಾನೇಜರ್ ಒಂದೇ ಟೇಬಲ್ಲಲ್ಲಿ ಕೂತು ಏಕವಚನದಲ್ಲಿ ಮಾತಾಡೋವಷ್ಟು ಸಲಿಗೆ ಇರೋದು, ರಾತ್ರಿ ಒಂದು ಗಂಟೆಗೆ ಫೋನ್ ಮಾಡಿದ್ರೂ ಬೈಕೊಂಡಾದ್ರೂ ಎದ್ದು ಬರೋದು. ಅದು ಫೆಲೋಶಿಪ್ಪಿಂದ ಬಂದಿದ್ದು, ಬೇರೆ ಎಲ್ಲಿಂದಾನೂ ಬರಲ್ಲ. ಹಾಗಾಗಿ ದುಡ್ಡು ಬೇಕಾಗಿರೋ ಸೇವೆ ಬಿಟ್ಟು ಆ ಸಲಿಗೆ ಬೇಕಾಗಿರೋ ಸೇವೆ ಆರಿಸ್ಕೊಳ್ಳಿ. ನನ್ನ ಉತ್ತರದ ತಿರುಳು ಇಷ್ಟೇ, ಮುಂದೆ ಹೇಳೋದೆಲ್ಲಾ ಅದರ ವಿವರ.

ಕುಡಿಯೋ ವಿಷಯಕ್ಕೆ ಉಪದೇಶ ಕೆಲಸಕ್ಕೆ ಬರಲ್ಲ, ಬಿಲ್ ಕೆಲಸಕ್ಕೆ ಬರುತ್ತೆ. ಊಟದ ಬಿಲ್ ಕ್ಲಬ್ಬಿಂದು, ಗ್ಲಾಸಿನ ಬಿಲ್ ಅವರವರದ್ದು, ಕ್ಲಬ್ ಖಾತೆಯಿಂದ ಒಂದು ರೂಪಾಯಿ ಅದಕ್ಕೆ ಹೋಗಲ್ಲ ಅಂತ ಕ್ಲಬ್ಬಿನ ಬೋರ್ಡಲ್ಲಿ, ಅಂದ್ರೆ ಆಡಳಿತ ಮಂಡಳಿಯಲ್ಲಿ, ಒಂದು ಸಾಲಿನ ನಿರ್ಣಯ ಮಾಡಿ. ಕೆಲವು ಪುಸ್ತಕಗಳಲ್ಲಿ ಬಾರ್ ಬಿಲ್ಲನ್ನ "ಪ್ರಾಜೆಕ್ಟ್ ಸಂಬಂಧಿತ ಸಭೆ ಖರ್ಚು" ಅಂತ ಬರೆದಿರೋದು ನೋಡಿದೀನಿ, ಬಿಲ್ಲಲ್ಲಿ ಹೋಟೆಲ್ ಹೆಸರು ಮಾತ್ರ ಇರುತ್ತೆ, ಐಟಂ ಕೇಳಿದ್ರೆ ಕ್ಯಾಷಿಯರ್ ನಗ್ತಾರೆ. ಸ್ವಂತ ಜೇಬಿಂದ ಕೊಡ್ಬೇಕು ಅಂದ ಕೂಡ್ಲೇ ಹನ್ನೊಂದಕ್ಕೆ ಮುಗಿಯೋದು ಹತ್ತಕ್ಕೇ ಮುಗಿಯುತ್ತೆ. ಜೊತೆಗೆ ಮೀಟಿಂಗ್ ಟೈಮ್ ಬದಲಾಯ್ಸೋ ಸ್ವಾತಂತ್ರ್ಯ ನಿಮಗಿದೆ. ವಾರಾ ವಾರಾ ಸಂಜೇನೇ ಸೇರ್ಬೇಕು ಅನ್ನೋದೇನಿಲ್ಲ. ರೋಟರಿಯಲ್ಲಂತೂ 2016ರಿಂದ ತಿಂಗಳಿಗೆ ಎರಡು ಸಲ ಸೇರಿದ್ರೆ ಸಾಕು, ಯಾವ ರೂಪದಲ್ಲಿ ಬೇಕಾದ್ರೂ. ಒಂದು ಸಂಜೆ, ಒಂದು ಭಾನುವಾರ ಬೆಳಗ್ಗೆ ಮನೆಮಂದಿ ಎಲ್ಲಾ ಬಂದು ತಿಂಡಿ ತಿಂದು ಹೋಗೋ ಥರ ಇಟ್ಟು ನೋಡಿ. ಬೆಳಗ್ಗೆ ಎಂಟಕ್ಕೆ ಇಡ್ಲಿ ವಡೆ ಜೊತೆ ಯಾರೂ ಇನ್ನೊಂದು ಕೇಳಲ್ಲ.

ಮೊದಲ ಲೇಡಿ ಪ್ರೆಸಿಡೆಂಟ್ ಅನ್ನೋದ್ರ ಬಗ್ಗೆ ಎರಡೇ ಮಾತು. ಯಾರಾದ್ರೂ ನಿಮಗೆ ಲೇಡೀಸ್ ಕ್ಲಬ್ ಬೇರೆ ಇದೆಯಲ್ಲ ಅಂದ್ರೆ, ರೋಟರಿಯಲ್ಲೂ ಲಯನ್ಸಲ್ಲೂ ಹೆಂಗಸರಿಗೆ ಬಾಗಿಲು 1980ರ ದಶಕದ ಕೊನೇಲೇ ತೆಗೆದಿದೆ, ಲಯನ್ಸ್‌ಗೆ 2018ರಲ್ಲಿ, ರೋಟರಿಗೆ 2022ರಲ್ಲಿ ಇಡೀ ಜಗತ್ತಿನ ಅಧ್ಯಕ್ಷ ಸ್ಥಾನಕ್ಕೇ ಮಹಿಳೆ ಬಂದಾಯ್ತು ಅಂತ ಹೇಳಿ. ಇನ್ನೊಂದು, ಹೆಸರಿಗೆ ನಿಮ್ಮನ್ನ ಕೂರ್ಸಿ ಒಬ್ಬ ಪಾಸ್ಟ್ ಪ್ರೆಸಿಡೆಂಟ್ ಹಿಂದಿನಿಂದ ನಡೆಸೋ ಯೋಚನೆ ಇದ್ಯಾ ಅಂತ ನೋಡ್ಕೊಳ್ಳಿ. ಗೊತ್ತಾಗೋದು ಸುಲಭ, ಸೆಕ್ರೆಟರಿ ಮತ್ತೆ ಟ್ರೆಷರರ್ ನಾನೇ ಆರಿಸ್ತೀನಿ ಅಂತ ಒಂದು ಸಲ ಹೇಳಿ ನೋಡಿ, ಯಾರ ಮುಖ ಗಂಟಾಗುತ್ತೆ ಅಂತ ಕಾಣುತ್ತೆ.

ಈಗ ಆ ಫಿಲ್ಟರ್. ಅದು ಕೆಟ್ಟಿದ್ದು ಕಂಪನಿ ತಪ್ಪಿಗೂ ಅಲ್ಲ, ಶಾಲೆಯವರ ಸೋಮಾರಿತನಕ್ಕೂ ಅಲ್ಲ. ವರ್ಷ ಅಂದ್ರೆ ಜುಲೈ 1ರಿಂದ ಜೂನ್ 30, ಪ್ರತಿ ಪ್ರೆಸಿಡೆಂಟಿಗೂ ತನ್ನದೇ ಪ್ರಾಜೆಕ್ಟ್ ಬೇಕು, ಹಿಂದಿನವರದ್ದನ್ನ ರಿಪೇರಿ ಮಾಡ್ಸಿದ್ರೆ ರಿಪೋರ್ಟಲ್ಲಿ ಹಾಕೋಕೆ ಫೋಟೋ ಬರಲ್ಲ. ಬೋರ್ಡ್ ಮೇಲೆ ವರ್ಷ ಮತ್ತೆ ಪ್ರೆಸಿಡೆಂಟ್ ಹೆಸರು ಇರುತ್ತಲ್ಲ, ಅಲ್ಲಿಗೆ ಅದು ಅವರ ಆಸ್ತಿ ಆಗೋಯ್ತು, ಬೇರೆ ಯಾರೂ ಮುಟ್ಟಲ್ಲ. ಆರ್‌ಓ ಮೆಷಿನ್‌ಗೆ ಕ್ಯಾಂಡಲ್, ಮೆಂಬ್ರೇನ್ ಕಾಲಕಾಲಕ್ಕೆ ಬದಲಾಯ್ಸಬೇಕು, ಅದಕ್ಕೆ ಶಾಲೆ ಅನುದಾನದಲ್ಲಿ ಜಾಗ ಇರಲ್ಲ, ಮೇಷ್ಟ್ರು ಎರಡು ಸಲ ಕೈಯಿಂದ ಹಾಕ್ತಾರೆ, ಮೂರನೇ ಸಲ ಪ್ಲಗ್ ಕಿತ್ತಿಡ್ತಾರೆ. ಇನ್ನೊಂದು ವಿಷಯ, ನಿಮ್ಮ ಕಡೆ ಬಾವಿ ನೀರಲ್ಲಿ ಟಿಡಿಎಸ್, ಅಂದ್ರೆ ಕರಗಿರೋ ಲವಣದ ಅಂಶ, ಎಷ್ಟಿದೆ ಅಂತ ಯಾರಾದ್ರೂ ನೋಡಿದ್ರಾ? ಲೀಟರಿಗೆ 500 ಮಿಲಿಗ್ರಾಂ ಒಳಗಿದ್ದು ಫ್ಲೋರೈಡ್ ಥರದ ಬೇರೆ ತೊಂದ್ರೆ ಇಲ್ಲದಿದ್ರೆ ಆರ್‌ಓ ಬೇಕೇ ಇಲ್ಲ. ಸುಮ್ನೆ ಅರ್ಧಕ್ಕಿಂತ ಹೆಚ್ಚು ನೀರನ್ನ ಚರಂಡಿಗೆ ಬಿಡುತ್ತೆ ಅದು. ಟ್ಯಾಂಕ್ ತೊಳೆದು ಒಂದು ಯುವಿ ಫಿಲ್ಟರ್ (ಬೆಳಕಿಂದ ಕ್ರಿಮಿ ಕೊಲ್ಲೋದು) ಹಾಕಿದ್ರೆ ಸಾಕಾಗೋ ಊರು ಎಷ್ಟೋ ಇವೆ. ನಿಮ್ಮ ವರ್ಷದ ಮೊದಲ ಪ್ರಾಜೆಕ್ಟ್ ಆ ಕೆಟ್ಟ ಫಿಲ್ಟರ್ ರಿಪೇರಿ ಆಗ್ಲಿ. ನೀರು ಟೆಸ್ಟ್ ಮಾಡ್ಸಿ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷರ ಜೊತೆ ಕೂತು, ಮೊದಲ ಮೂರು ವರ್ಷದ ಮೇಂಟೆನೆನ್ಸ್ ದುಡ್ಡು ಕ್ಲಬ್ಬಲ್ಲಿ ಬೇರೆ ತೆಗೆದಿಟ್ಟು, ಎಲೆಕ್ಟ್ರಿಷಿಯನ್ ಮೆಂಬರ್ ಒಬ್ಬರಿಗೆ ಅದರ ಜವಾಬ್ದಾರಿ ಕೊಡಿ. ಬೋರ್ಡಲ್ಲಿ ಪ್ರೆಸಿಡೆಂಟ್ ಹೆಸರು ತೆಗೆದು ಅವರ ಫೋನ್ ನಂಬರ್ ಹಾಕಿ, ಕೆಟ್ಟರೆ ಈ ನಂಬರಿಗೆ ಮಾಡಿ ಅಂತ.

ಕಣ್ಣಿನ ಕ್ಯಾಂಪ್ ಬಗ್ಗೆ ನೀವು ಕೇಳಿಲ್ಲ, ಆದ್ರೆ ಬಂದೇ ಬರುತ್ತೆ, ಹಿರಿಯರು ಬಿಡಲ್ಲ. 1925ರಲ್ಲಿ ಹೆಲೆನ್ ಕೆಲ್ಲರ್ ಲಯನ್ಸ್ ಸಮಾವೇಶದಲ್ಲಿ ನಿಂತು ಅಂಧರಿಗಾಗಿ ಕೆಲಸ ಮಾಡಿ ಅಂತ ಕೇಳಿದಾಗಿಂದ ಅವರಿಗದು ಮನೆ ದೇವರಿದ್ದ ಹಾಗೆ. ನಮ್ಮ ಕಡೆ ಅದಕ್ಕೆ ಇನ್ನೊಂದು ನೆನಪೂ ಸೇರಿದೆ, ಡಾ. ಎಂ.ಸಿ. ಮೋದಿ ಊರೂರಿಗೆ ಬಂದು ಒಂದೇ ದಿನ ನೂರಾರು ಜನರ ಕಣ್ಣಿನ ಪೊರೆ ತೆಗೀತಿದ್ದಿದ್ದು ನೋಡಿದ ಹಿರಿಯರು ಇನ್ನೂ ಇದಾರೆ. ಆ ಕಾಲ ಬೇರೆ. ಈಗ ಶಾಲೆ, ಛತ್ರದಲ್ಲಿ ಆಪರೇಷನ್ ಮಾಡೋ ಹಾಗಿಲ್ಲ, ಸೋಂಕಾಗಿ ಕಣ್ಣೇ ಹೋದ ಪ್ರಕರಣಗಳು ಆದ್ಮೇಲೆ ನಿಂತಿದ್ದು ಅದು. ಕ್ಯಾಂಪಲ್ಲಿ ಬರೀ ತಪಾಸಣೆ, ಆಪರೇಷನ್ ಆಸ್ಪತ್ರೆಯಲ್ಲಿ, ಬಸ್ಸಲ್ಲಿ ಕರ್ಕೊಂಡು ಹೋಗಿ ಕರ್ಕೊಂಡು ಬರೋದು. ಅಲ್ಲಿವರೆಗೂ ಎಲ್ಲಾ ಕ್ಲಬ್ಬೂ ಚೆನ್ನಾಗೇ ಮಾಡುತ್ತೆ. ಕೈ ಬಿಡೋದು ಆಮೇಲೆ. ನಿಮಗೇ ಗೊತ್ತಿರುತ್ತೆ ಮೇಡಂ, ಆಪರೇಷನ್ ಆದ್ಮೇಲೆ ಒಂದು ತಿಂಗಳಿಗಿಂತ ಹೆಚ್ಚು ಕಾಲ ಡ್ರಾಪ್ಸ್ ಹಾಕ್ಬೇಕು, ಮೊದಲ ವಾರ ದಿನಕ್ಕೆ ಎಷ್ಟೋ ಸಲ, ಆಮೇಲೆ ಕಮ್ಮಿ ಮಾಡ್ತಾ ಬರ್ಬೇಕು, ಎರಡು ಬಾಟಲ್ಲೂ ಒಂದೇ ಥರ ಬಿಳೀ. ಒಬ್ಬಳೇ ಇರೋ ಅಜ್ಜಿಗೆ ಚೀಟಿ ಓದೋಕೆ ಬರಲ್ಲ, ಬಂದ್ರೂ ಕಾಣಲ್ಲ. ಒಂದು ಬಾಟಲ್ ಕುತ್ತಿಗೆಗೆ ಕೆಂಪು ದಾರ ಕಟ್ಟಿ, ಕೆಂಪು ದಾರದ್ದು ದಿನಕ್ಕೆ ಇಷ್ಟು ಸಲ ಅಂತ ಹೇಳಿ, ಪಕ್ಕದ ಮನೆ ಹುಡುಗನ್ನ ಒಪ್ಸಿ, ವಾರಕ್ಕೊಂದು ಸಲ ಹೋಗಿ ನೋಡ್ಕೊಂಡು ಬರೋಕೆ ಕ್ಲಬ್ ಮೆಂಬರ್ ಒಬ್ಬರಿಗೆ ಐದು ಅಜ್ಜಿ ಅಂತ ಹಂಚಿ. ಖರ್ಚು ದಾರದ್ದು ಮಾತ್ರ. ಎಷ್ಟು ಜನರನ್ನ ತಪಾಸಣೆ ಮಾಡ್ಸಿದ್ವಿ ಅನ್ನೋದು ಬಿಟ್ಟು, ತಿಂಗಳಾದ್ಮೇಲೆ ಕನ್ನಡಕ ಕೊಡೋ ದಿನ ಎಷ್ಟು ಜನ ವಾಪಸ್ ಬಂದ್ರು ಅಂತ ಬುಲೆಟಿನ್‌ನಲ್ಲಿ ಹಾಕಿ. ಹಾಂ, ಇನ್ನೊಂದು, ಉದ್ಘಾಟನೆಗೆ ಯಾವ ಎಮ್ಮೆಲ್ಲೆನೂ ಬೇಡ. ಹತ್ತು ಗಂಟೆಗೆ ಬರ್ತೀನಿ ಅಂದೋರು ಒಂದೂವರೆಗೆ ಬರ್ತಾರೆ, ಅಲ್ಲಿವರೆಗೂ ಶುಗರ್ ಇರೋ ಮುದುಕರು ಹೊಟ್ಟೆ ಹಸ್ಕೊಂಡು ಪ್ಲಾಸ್ಟಿಕ್ ಚೇರಲ್ಲಿ ಕೂತಿರ್ತಾರೆ.

ನಾನು ನಿಮಗೆ ಜಾಸ್ತಿ ಒತ್ತಿ ಹೇಳೋದು ರಕ್ತದಾನದ ಬಗ್ಗೆ, ಯಾಕಂದ್ರೆ ಕ್ಲಬ್ಬಿನ ಸಲಿಗೆ ಅನ್ನೋದು ನೇರವಾಗಿ ಜೀವ ಉಳ್ಸೋದು ಅಲ್ಲೇ, ಮತ್ತೆ ಎಲ್ಲಾ ಕ್ಲಬ್ಬುಗಳೂ ಅದನ್ನ ಉಲ್ಟಾ ಮಾಡೋದೂ ಅಲ್ಲೇ. ಸಾಮಾನ್ಯವಾಗಿ ಏನಾಗುತ್ತೆ, ವರ್ಷಕ್ಕೊಂದು ಮೆಗಾ ಕ್ಯಾಂಪ್, ಅಕ್ಟೋಬರ್ 1ಕ್ಕೋ ಸ್ವಾತಂತ್ರ್ಯ ದಿನಕ್ಕೋ ಯಾರದ್ದೋ ಹುಟ್ಟುಹಬ್ಬಕ್ಕೋ. ಕಾಲೇಜ್ ಹುಡುಗರನ್ನ ಸಾಲಾಗಿ ನಿಲ್ಸಿ ಇನ್ನೂರು ಯೂನಿಟ್ ದಾಖಲೆ ಅಂತಾರೆ. ರಕ್ತ ಅಕ್ಕಿ ಮೂಟೆ ಅಲ್ಲ, ಇಡೋಕಾಗಲ್ಲ. ಸಾಮಾನ್ಯ ಬ್ಯಾಗಲ್ಲಿ ಪೂರ್ತಿ ರಕ್ತ ಬಾಳೋದು 35 ದಿನ, ಬೇರ್ಪಡ್ಸಿದ ಕೆಂಪು ಕಣ ಹೆಚ್ಚಂದ್ರೆ 42 ದಿನ, ಪ್ಲೇಟ್‌ಲೆಟ್ ಬರೀ 5 ದಿನ. ಒಂದೇ ದಿನ ಜಿಲ್ಲೆಯ ನಾಲ್ಕು ಕ್ಲಬ್ ಕ್ಯಾಂಪ್ ಮಾಡಿದ್ರೆ ಬ್ಲಡ್ ಸೆಂಟರ್‌ನವರು ಪಾಪ ಫೋಟೋಗೆ ನಗ್ತಾರೆ, ಒಳಗೊಳಗೆ ಇದನ್ನ ಎಲ್ಲಿ ಇಡೋದು ಅಂತ ಯೋಚ್ನೆ ಮಾಡ್ತಿರ್ತಾರೆ. ಆಮೇಲೆ ಏಪ್ರಿಲ್ ಮೇ ಬರುತ್ತೆ, ಕಾಲೇಜಿಗೆ ರಜೆ, ಒಂದು ಬಾಟಲಿಗೆ ಜನ ಪರದಾಡ್ತಾರೆ. ಮಳೆಗಾಲ ಬಂದು ಡೆಂಗ್ಯೂ ಏರಿದಾಗ ಪ್ಲೇಟ್‌ಲೆಟ್‌ಗೆ ಅವತ್ತೇ ಬಂದು ಕೊಡೋರು ಬೇಕು, ಹೋದ ಅಕ್ಟೋಬರಿನ ದಾಖಲೆಯಿಂದ ಅವರಿಗೇನಾಗ್ಬೇಕು?

ಹಾಗಾಗಿ ಕ್ಯಾಂಪ್ ಮಾಡೋಕೆ ಮುಂಚೆ ಜಿಲ್ಲಾ ಬ್ಲಡ್ ಸೆಂಟರ್‌ಗೆ ಫೋನ್ ಮಾಡಿ, ನಿಮಗೆ ಯಾವ ತಿಂಗಳು ಕಷ್ಟ, ಒಂದು ಸಲಕ್ಕೆ ಎಷ್ಟು ಯೂನಿಟ್ ಬೇಕು ಅಂತ ಕೇಳಿ. ಅವರು ಮೂವತ್ತು ಸಾಕು ಅಂದ್ರೆ ಮೂವತ್ತೇ. ಲೈಸೆನ್ಸ್ ಇರೋ ಬ್ಲಡ್ ಸೆಂಟರ್ ಬಿಟ್ಟು ಬೇರೆ ಯಾರೂ ರಕ್ತ ತಗೊಳ್ಳೋ ಹಾಗಿಲ್ಲ ಅನ್ನೋದು ನಿಮಗೆ ಗೊತ್ತೇ ಇದೆ. ಅದಕ್ಕಿಂತ ಮುಖ್ಯ ಒಂದು ಪಟ್ಟಿ. ಮೆಂಬರ್‌ಗಳು, ಅವರ ಮನೆಯವರು, ಅಂಗಡಿ ಹುಡುಗರು, ಹಳೇ ವಿದ್ಯಾರ್ಥಿಗಳು, ಯಾರ ಗ್ರೂಪ್ ಏನು, ಕೊನೇ ಸಲ ಯಾವಾಗ ಕೊಟ್ರು ಅಂತ. ವಯಸ್ಸು 18ರಿಂದ 65, ತೂಕ ಕಮ್ಮಿ ಅಂದ್ರೆ 45 ಕೆಜಿ, ಹಿಮೋಗ್ಲೋಬಿನ್ 12.5, ಗಂಡಸರು 90 ದಿನಕ್ಕೊಮ್ಮೆ, ಹೆಂಗಸರು 120 ದಿನಕ್ಕೊಮ್ಮೆ ಕೊಡಬಹುದು. ನೆಗೆಟಿವ್ ಗ್ರೂಪಿನವರನ್ನ ಕ್ಯಾಂಪಲ್ಲಿ ತಗೊಳ್ಳೋಕೆ ಬಿಡಬೇಡಿ, ಅವರು ಕಾದಿರ್ಲಿ, ಕರೆ ಬಂದಾಗ ಹೋಗ್ಲಿ. ಆ ಪಟ್ಟಿ ಮಾತ್ರ ಯಾವ ಕಾರಣಕ್ಕೂ ವಾಟ್ಸಾಪ್ ಗ್ರೂಪಿಗೆ ಹಾಕ್ಬೇಡಿ. ಹೆಣ್ಣುಮಕ್ಕಳ ನಂಬರಿಗೆ ಬೇಡದ ಫೋನ್ ಬರುತ್ತೆ, ರಕ್ತ ಕೊಡಿಸ್ತೀನಿ ಅಂತ ದುಡ್ಡು ಕೀಳೋ ಬ್ರೋಕರ್‌ಗಳೂ ಅದನ್ನೇ ಬಳಸ್ತಾರೆ. ಇಬ್ಬರ ಹತ್ರ ಇರ್ಲಿ, ಕರೆ ಬಂದ್ರೆ ಅವರೇ ದಾನಿಗೆ ಫೋನ್ ಮಾಡಿ ಕಳಿಸ್ಲಿ. ತಾಲೂಕು ಆಸ್ಪತ್ರೆಗಳಲ್ಲಿ ಹೆಚ್ಚಾಗಿ ರಕ್ತ ಇಟ್ಕೊಳ್ಳೋ ಸ್ಟೋರೇಜ್ ಯೂನಿಟ್ ಮಾತ್ರ ಇರುತ್ತೆ, ದಾನಿನ ಜಿಲ್ಲಾ ಕೇಂದ್ರಕ್ಕೇ ಕರ್ಕೊಂಡು ಹೋಗ್ಬೇಕಾಗುತ್ತೆ, ಅಲ್ಲಿ ಜೀಪ್ ಇರೋ ಮೆಂಬರ್ ಬೇಕಾಗ್ತಾರೆ, ರಾತ್ರಿ ಘಾಟಿ ಇಳಿಯೋ ಧೈರ್ಯ ಇರೋರು. ಮಿಕ್ಸಿ, ಹೆಲ್ಮೆಟ್ ಕೊಡ್ತೀವಿ ಅಂತ ದಾನಿಗಳನ್ನ ಕರೀಬೇಡಿ. ಗಿಫ್ಟ್ ಆಸೆಗೆ ಬಂದೋರು ಕಾಯಿಲೆ ಮುಚ್ಚಿಡ್ತಾರೆ. ಜನ ಕೇಳೇ ಕೇಳ್ತಾರೆ, ನಾವು ಫ್ರೀ ಕೊಟ್ಟಿದ್ದನ್ನ ಅವರು ಮಾರ್ತಾರಂತಲ್ಲ ಅಂತ. ರಕ್ತಕ್ಕೆ ಬೆಲೆ ಇಲ್ಲ, ಆದ್ರೆ ಎಚ್‌ಐವಿ, ಎರಡು ಥರ ಹೆಪಟೈಟಿಸ್, ಸಿಫಿಲಿಸ್, ಮಲೇರಿಯಾ ಪರೀಕ್ಷೆ, ಬ್ಯಾಗು, ಕೋಲ್ಡ್ ಸ್ಟೋರೇಜ್ ಇದಕ್ಕೆಲ್ಲ ಖರ್ಚಿದೆ, ಅದನ್ನ ಪ್ರೊಸೆಸಿಂಗ್ ಚಾರ್ಜ್ ಅಂತ ತಗೋತಾರೆ ಅಂತ ಹೇಳಿ.

ಇನ್ನು ಲೆಕ್ಕ, ಅದು ನನ್ನ ಕೆಲಸ. ಟ್ರೆಷರರ್ ಸ್ವಂತ ನಂಬರಿಗೆ ಡೊನೇಷನ್ ಬರ್ತಿದೆ ಅಂದ್ರೆ ಅವರು ಕಳ್ಳರು ಅಂತಲ್ಲ, ಎಷ್ಟೋ ಸಲ ಅವರೇ ಕೈಯಿಂದ ಹಾಕಿರ್ತಾರೆ. ಆದ್ರೆ ತೆರಿಗೆ ಇಲಾಖೆಗೆ ಅದು ಅವರ ಸ್ವಂತ ಖಾತೆಗೆ ಬಂದ ದುಡ್ಡು, ನೋಟಿಸ್ ಬಂದ್ರೆ ಉತ್ತರ ಕೊಡ್ಬೇಕಾಗೋದು ಅವರು. ನಾಳೆ ಅವರಿಗೇನಾದ್ರೂ ಆದ್ರೆ ಮನೆಯವರ ಹತ್ರ ಹೋಗಿ ಕ್ಲಬ್ ದುಡ್ಡು ಕೊಡಿ ಅಂತ ಹೇಗೆ ಕೇಳ್ತೀರಿ? ಕ್ಲಬ್ ಹೆಸರಲ್ಲೇ ಪ್ಯಾನ್, ಕ್ಲಬ್ ಹೆಸರಲ್ಲೇ ಖಾತೆ, ಇಬ್ಬರ ಸಹಿ, ಕ್ಯೂಆರ್ ಕೋಡ್ ಆ ಖಾತೆದು. ಎರಡು ಖಾತೆ ಇರ್ಬೇಕು. ಒಂದು ಮೆಂಬರ್‌ಗಳ ಡ್ಯೂಸ್, ಊಟ ತಿಂಡಿ, ಪದಗ್ರಹಣಕ್ಕೆ, ಇನ್ನೊಂದು ಊರವರು ಕೊಟ್ಟ ಸೇವೆ ದುಡ್ಡಿಗೆ. ಎರಡನೇದರಿಂದ ಒಂದು ಕಾಫಿ ಬಿಲ್ ಕೂಡ ಹೋಗ್ಬಾರ್ದು. ಮೆಂಬರ್‌ಗಳು ತಾವೇ ಹಾಕಿ ತಾವೇ ಖರ್ಚು ಮಾಡೋ ದುಡ್ಡಿಗೆ ಸಾಮಾನ್ಯವಾಗಿ ತೆರಿಗೆ ಬರಲ್ಲ, ಆದ್ರೆ ಅದನ್ನ ಬ್ಯಾಂಕಲ್ಲಿ ಎಫ್‌ಡಿ ಇಟ್ಟು ಬಡ್ಡಿ ಬಂದ್ರೆ ಆ ಮಾತು ನಡೆಯಲ್ಲ. ಬೆಂಗಳೂರು ಕ್ಲಬ್ ಕೇಸಲ್ಲಿ 2013ರಲ್ಲೇ ಸುಪ್ರೀಂ ಕೋರ್ಟ್ ಅದನ್ನ ಹೇಳಿಯಾಗಿದೆ.

80ಜಿ ರಸೀದಿ (ದಾನಿಗೆ ತೆರಿಗೆ ವಿನಾಯಿತಿ ಕೊಡಿಸೋದು) ಕೊಡ್ತೀವಿ ಅಂತ ಯಾರಿಗೂ ಮಾತು ಕೊಡೋ ಮುಂಚೆ ನಿಮ್ಮ ಕ್ಲಬ್ಬಿಗೆ ಅಥವಾ ಕ್ಲಬ್ ಟ್ರಸ್ಟಿಗೆ ಆ ಮಾನ್ಯತೆ ಇದ್ಯಾ, ಅದರ ಅವಧಿ ಮುಗಿದಿದ್ಯಾ ನೋಡಿ. ಇದ್ರೂ ಎರಡು ಸಾವಿರ ರೂಪಾಯಿ ಮೇಲೆ ನಗದು ಕೊಟ್ರೆ ದಾನಿಗೆ ವಿನಾಯಿತಿ ಇಲ್ಲ, ಹೊಸ ತೆರಿಗೆ ಪದ್ಧತಿಯಲ್ಲಿರೋರಿಗೆ ಹೇಗೂ ಇಲ್ಲ. ದಾನಿಗಳ ವಿವರ ಪ್ರತಿ ವರ್ಷ ಇಲಾಖೆಗೆ ಸಲ್ಲಿಸ್ಬೇಕು. ಅದನ್ನ ಮಾಡದೆ ಬರೀ ಪ್ರಿಂಟ್ ಮಾಡ್ಸಿದ ರಸೀದಿ ಪುಸ್ತಕದಿಂದ ಪ್ರಯೋಜನ ಇಲ್ಲ.

ನಿಮ್ಮಣ್ಣನ ದುಡ್ಡು. ಅವರು ಇನ್ನೂ ಭಾರತದ ಪಾಸ್‌ಪೋರ್ಟಲ್ಲೇ ಇದ್ರೆ, ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದ್ರೆ ಅದು ವಿದೇಶಿ ದೇಣಿಗೆ ಆಗಲ್ಲ, ಪಾಸ್‌ಪೋರ್ಟ್ ಪ್ರತಿ ತಗೊಂಡು ಫೈಲಲ್ಲಿಡಿ. ಅಮೆರಿಕದ ಪ್ರಜೆ ಆಗಿದ್ರೆ, ಓಸಿಐ ಕಾರ್ಡ್ (ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡೋದು) ಇದ್ರೂ ಸರಿ, ವಿದೇಶಿ ದೇಣಿಗೆ ಕಾಯ್ದೆ ಅಂದ್ರೆ ಎಫ್‌ಸಿಆರ್‌ಎ ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದೆ ಒಂದು ಡಾಲರ್ ಕೂಡ ಕ್ಲಬ್ ಮುಟ್ಟೋ ಹಾಗಿಲ್ಲ. ರೂಪಾಯಿಯಲ್ಲಿ ಕೊಟ್ರೂ ಅಷ್ಟೇ. ನಮ್ಮಣ್ಣ ನನಗೆ ಕೊಟ್ಟಿದ್ದು ಅಂತ ನಿಮ್ಮ ಖಾತೆಗೆ ತರಿಸ್ಕೊಂಡು ಆಮೇಲೆ ಕ್ಲಬ್ಬಿಗೆ ಹಾಕೋ ಉಪಾಯ ಯಾರಾದ್ರೂ ಹೇಳ್ತಾರೆ, ಕೇಳ್ಬೇಡಿ, ಅದು ಅದೇ ಕಾನೂನನ್ನ ಸುತ್ತಿ ಬಳಸಿ ಮುರಿದ ಹಾಗೆ. ಅಣ್ಣನಿಗೆ ಅಷ್ಟು ಆಸೆ ಇದ್ರೆ ಎಫ್‌ಸಿಆರ್‌ಎ ಇರೋ ಆಸ್ಪತ್ರೆಗೋ ಸಂಸ್ಥೆಗೋ ನೇರವಾಗಿ ಕೊಡ್ಲಿ, ನೀವು ಅವರ ಜೊತೆ ಸೇರಿ ಕೆಲಸ ಮಾಡಿ. ರೋಟರಿ ಆದ್ರೆ ಅದರ ಫೌಂಡೇಷನ್ ಕೊಡೋ ಗ್ಲೋಬಲ್ ಗ್ರ್ಯಾಂಟ್ ಅಂತ ದಾರಿ ಇದೆ, ಆದ್ರೆ 30,000 ಡಾಲರ್‌ಗಿಂತ ಕಮ್ಮಿ ಬಜೆಟ್ಟಿಗೆ ಅದು ಸಿಗಲ್ಲ, ಬೇರೆ ದೇಶದ ಕ್ಲಬ್ ಜೊತೆಗಿರ್ಬೇಕು, ಮುಗಿಯೋವರೆಗೂ ರಿಪೋರ್ಟ್ ಬರೀತಾ ಇರ್ಬೇಕು. ಮೊದಲ ವರ್ಷಕ್ಕೆ ಅದರ ಗೋಜು ಬೇಡ.

ಇನ್ನೊಂದು ಅಪಾಯ ಯಾರೂ ಹೇಳಲ್ಲ. ನಿಮ್ಮ ಕ್ಲಬ್ ಸೊಸೈಟಿ ಕಾಯ್ದೆ ಅಡಿ ನೋಂದಣಿ ಆಗಿಲ್ದೇ ಇದ್ರೆ (ಎಷ್ಟೋ ಆಗಿರಲ್ಲ, ಮೇಲಿನ ಸಂಸ್ಥೆಯ ಚಾರ್ಟರ್, ಅಂದ್ರೆ ಮಾನ್ಯತೆ ಪತ್ರ, ಗೋಡೆ ಮೇಲಿದ್ರೆ ಸಾಕು ಅಂದ್ಕೊಂಡಿರ್ತಾರೆ), ಶಾಮಿಯಾನದವರಿಗೆ, ಕೇಟರಿಂಗ್‌ನವರಿಗೆ ಆರ್ಡರ್ ಕೊಟ್ಟೋರೇ ಜವಾಬ್ದಾರರು ಆಗ್ತಾರೆ. ಹಾಗಾಗಿ ಬೋರ್ಡಿನ ಒಪ್ಪಿಗೆ ಇಲ್ಲದೆ ನಿಮ್ಮ ಫೋನಿಂದ ಯಾವ ಆರ್ಡರ್ರೂ ಹೋಗ್ಬಾರ್ದು.

ಈಗ ದಾರಿಗಳು. ಬೇಡ ಅಂದ್ಬಿಡಬಹುದು, ಅದರಿಂದ ಕಳ್ಕೊಳ್ಳೋದು ಸ್ವಲ್ಪ ದಾಕ್ಷಿಣ್ಯ ಅಷ್ಟೇ, ಆದ್ರೆ ಹೋಟೆಲ್ ಬಿಲ್ಲು, ಫಿಲ್ಟರ್ರು ಹಾಗೇ ಇರುತ್ತೆ. ಒಂದು ವರ್ಷ ತಡ ಮಾಡಿ ಈಗ ಟ್ರೆಷರರ್ ಆಗ್ತೀನಿ ಅನ್ನಬಹುದು. ನನ್ನ ಕೇಳಿದ್ರೆ ಇದು ಬಹಳ ಒಳ್ಳೇ ದಾರಿ, ಬೀರು ಕೀ ನಿಮ್ಮ ಕೈಗೆ ಬರುತ್ತೆ, ಎಲ್ಲಿ ಏನಿದೆ ಗೊತ್ತಾಗುತ್ತೆ, ಅಪಾಯ ಅಂದ್ರೆ ಆ ವರ್ಷದ ಪ್ರೆಸಿಡೆಂಟ್ ದೊಡ್ಡ ಕೈ ಇರೋರಾದ್ರೆ ದಿನಾ ಜಗಳ. ಮೂರನೇದು, ನಿಮ್ಮ ಥರ ಯೋಚ್ನೆ ಮಾಡೋರು ಸೇರಿ ಬೇರೆ ಕ್ಲಬ್ ಮಾಡೋದು. ಹೊಸ ಕ್ಲಬ್ಬಿಗೆ ಕಮ್ಮಿ ಅಂದ್ರೆ ಇಪ್ಪತ್ತು ಜನ ಬೇಕು, ರೋಟರಿಯಲ್ಲಿ ಎಂಟು ಜನಕ್ಕೆ ಇರೋ ಕ್ಲಬ್ಬಿನ ಅಡಿಯಲ್ಲೇ ಸ್ಯಾಟಲೈಟ್ ಕ್ಲಬ್ ಅಂತ ಮಾಡ್ಕೊಡ್ತಾರೆ. ಆದ್ರೆ ಚಿಕ್ಕ ಊರಲ್ಲಿ ಕ್ಲಬ್ ಒಡೆದ್ರೆ ಮದುವೆ ಮನೇಲೂ ಎರಡು ಪಂಕ್ತಿ ಆಗುತ್ತೆ, ಕೊನೇ ದಾರಿಯಾಗಿ ಇಟ್ಕೊಳ್ಳಿ. ನಾಲ್ಕನೇದು ಒಪ್ಪೋದು, ಷರತ್ತಿನ ಮೇಲೆ.

ಷರತ್ತು ಜಾಸ್ತಿ ಬೇಡ. ಕಳೆದ ಎರಡು ವರ್ಷದ ಬ್ಯಾಂಕ್ ಸ್ಟೇಟ್‌ಮೆಂಟು, ಆಡಿಟ್ ಆದ ಲೆಕ್ಕ, ಮಿನಿಟ್ಸ್ ಬುಕ್ಕು, ಯಾರಿಗೆ ಎಷ್ಟು ಬಾಕಿ ಇದೆ ಅನ್ನೋ ಪಟ್ಟಿ ಜೂನ್ ಒಳಗೆ ನಿಮ್ಮ ಕೈಗೆ ಬರ್ಬೇಕು. ಪದಗ್ರಹಣಕ್ಕೆ ಕ್ಲಬ್ ಖಾತೆಯಿಂದ ಇಷ್ಟೇ ಅಂತ ಒಂದು ಮಿತಿ, ಅದರ ಮೇಲೆ ನೀವೂ ಹಾಕಲ್ಲ. ಟ್ರೆಷರರ್ ನೀವು ಹೇಳಿದವರು. ಹಳೇ ಪ್ರಾಜೆಕ್ಟುಗಳ ರಿಪೇರಿಗೆ ವರ್ಷದ ಸೇವೆ ದುಡ್ಡಲ್ಲಿ ಒಂದು ಪಾಲು ಮೊದಲೇ ಎತ್ತಿಡೋದು. ಹೋಟೆಲ್ ಟೇಬಲ್ಲಲ್ಲಿ ಕೇಳಿದ್ರೆ ಎಲ್ರೂ ಆಯ್ತು ಮೇಡಂ ಅದಕ್ಕೇನಂತೆ ಅಂತಾರೆ, ಬೆಳಗ್ಗೆ ಮರೀತಾರೆ. ಬೋರ್ಡ್ ಮೀಟಿಂಗಲ್ಲಿ ಇಟ್ಟು, ಮಿನಿಟ್ಸಲ್ಲಿ ಬರೆಸಿ, ಈಗಿನ ಪ್ರೆಸಿಡೆಂಟ್ ಸಹಿ ಬಿದ್ದ ಮೇಲೆ ಹೂಂ ಅನ್ನಿ.